ಪ್ರೋಗ್ರಾಮಿಂಗ್‌ನ ಮೊದಲ ಪಾಠ: ಎಡವುವುದೆಲ್ಲಿ, ಏಕೆ?

ಈ ಕೆಳಗಿನ ಮೂರು ಸಾಲುಗಳನ್ನು ಗಮನಿಸಿ.

ಅ = 5
ಬ = ಅ
ಅ = 8

ಕಂಪ್ಯೂಟರ್ ಈ ಮೂರೂ ಸಾಲುಗಳನ್ನು ಒಂದಾದ ಮೇಲೆ ಒಂದರಂತೆ ನಡೆಸಿದ ಮೇಲೆ ‘ಬ’ದ ಬೆಲೆ ಎಷ್ಟಾಗಿರುತ್ತದೆ? ನಿಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮುಂದೆ ಓದಿ. ನೀವು ಅಧ್ಯಾಪಕರಾಗಿದ್ದರೆ ಇದೇ ಪ್ರಶ್ನೆಯನ್ನು ನಾಳೆ ತರಗತಿಯಲ್ಲಿ ಕೇಳಿ ನೋಡಿ. ಕೆಲವರು 5 ಎಂದರೆ ಕೆಲವರು 8 ಎನ್ನಬಹುದು.

ಸರಿಯಾದ ಉತ್ತರ 5. ಹಾಗೆಂದು 8 ಎಂದವರು ದಡ್ಡರೇನಲ್ಲ. ಹೈಸ್ಕೂಲಿನಿಂದಲೂ ಅವರು ಬೀಜಗಣಿತವನ್ನು ಕಲಿತಿದ್ದಾರೆ. ಅಲ್ಲಿ ‘ಬ = ಅ’ ಎಂದರೆ ಎರಡೂ ಸದಾ ಸಮ ಎಂದೇ ಅರ್ಥ. ಒಂದು ಬದಲಾದರೆ ಇನ್ನೊಂದೂ ಬದಲಾಗಲೇಬೇಕು. ಪ್ರೋಗ್ರಾಮಿಂಗ್‌ನಲ್ಲಿ ಅದೇ ಚಿಹ್ನೆಗೆ ಬೇರೆಯೇ ಅರ್ಥವಿದೆ: ‘ಈ ಕ್ಷಣದಲ್ಲಿ ಅ ಎಂಬಲ್ಲಿ ಇರುವ ಬೆಲೆಯ ಒಂದು ಪ್ರತಿಯನ್ನು ಬ ಎಂಬಲ್ಲಿ ಇಡು’. ಅದು ಸಮೀಕರಣವಲ್ಲ, ಆಜ್ಞೆ. ಆಜ್ಞೆಯನ್ನು ಪಾಲಿಸಿದ ಕೂಡಲೇ ಅ ಮತ್ತು ಬಗಳ ನಡುವಿನ ನಂಟು ಮುಗಿಯಿತು. ‘ಅ = ಅ + 1’ ಎಂಬ ಸಾಲು ಗಣಿತದಲ್ಲಿ ಅಸಂಬದ್ಧ; ಪ್ರೋಗ್ರಾಮಿನಲ್ಲಿ ದಿನನಿತ್ಯದ ಮಾತು.

ಇಂದು ಬಿ.ಸಿ.ಎ. ಮತ್ತು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಮಾತ್ರವಲ್ಲ, ಭೌತವಿಜ್ಞಾನ, ಸಂಖ್ಯಾಶಾಸ್ತ್ರ, ವಾಣಿಜ್ಯ ಓದುವವರೂ ಒಂದಲ್ಲ ಒಂದು ಹಂತದಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಸೇರಿದಂತೆ ಎಲ್ಲ ಶಾಖೆಗಳವರೂ ಮೊದಲ ವರ್ಷದಲ್ಲೇ ಸಿ ಭಾಷೆಯನ್ನು ಕಲಿಯುವ ಏರ್ಪಾಡು ಬಹುಕಾಲ ಇತ್ತು. ಆದರೆ ಕಲಿಯುವುದು ಬೇರೆ, ಪಾಸಾಗುವುದು ಬೇರೆ. ಪ್ರಯೋಗಾಲಯದ ಪಟ್ಟಿಯಲ್ಲಿರುವ ಹತ್ತು ಹದಿನೈದು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ, ರೆಕಾರ್ಡ್ ಪುಸ್ತಕದಲ್ಲಿ ನಕಲಿಳಿಸಿ, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಬಂದವರಿಗೆ ಹೊಸದೊಂದು ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ. ಇದಕ್ಕೆ ಕಾರಣವೇನು? ಪರಿಹಾರವೇನು? ನೋಡೋಣ.

ಎಲ್ಲ ದೇಶಗಳಲ್ಲೂ ಇದೇ ಕಥೆ

ಈ ತೊಡಕು ನಮ್ಮ ವಿದ್ಯಾರ್ಥಿಗಳದ್ದು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಮೈಕೆಲ್ ಮೆಕ್‌ಕ್ರಾಕನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಹೆಸರುವಾಸಿ. ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸ್ ಮುಗಿಸಿದ 216 ವಿದ್ಯಾರ್ಥಿಗಳಿಗೆ ಅವರು ಲೆಕ್ಕ ಹಾಕುವ ಸರಳ ಪ್ರೋಗ್ರಾಂಗಳನ್ನು ಬರೆಯಲು ಕೊಟ್ಟರು. 110 ಅಂಕಗಳಿಗೆ ಬಂದ ಸರಾಸರಿ 22.89! ವಿವಿಧ ದೇಶಗಳ ಅಂಕಿಅಂಶಗಳನ್ನು ಸಂಗ್ರಹಿಸಿದ ಬೆನೆಡ್‌ಸೆನ್ ಮತ್ತು ಕ್ಯಾಸ್ಪರ್‌ಸೆನ್ ಎಂಬ ಡೆನ್ಮಾರ್ಕಿನ ಸಂಶೋಧಕರು, ಈ ಮೊದಲ ಕೋರ್ಸಿನಲ್ಲಿ ಸರಾಸರಿ ಮೂವರಲ್ಲಿ ಒಬ್ಬರು ತೇರ್ಗಡೆಯಾಗುವುದಿಲ್ಲ ಎಂದು 2007ರಲ್ಲಿ ತಿಳಿಸಿದರು.

ವಿದ್ಯಾರ್ಥಿಗಳಿಗೆ ಸಮಸ್ಯೆ ಬಿಡಿಸುವ ಜಾಣ್ಮೆ ಇಲ್ಲವೇ? 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಇತರರು ಇನ್ನೊಂದು ದಿಕ್ಕಿನಿಂದ ಪರೀಕ್ಷಿಸಿದರು. ಪ್ರೋಗ್ರಾಂ ಬರೆಯಲು ಹೇಳದೆ, ಬರೆದುಕೊಟ್ಟ ಚಿಕ್ಕ ಪ್ರೋಗ್ರಾಂ ಏನು ಉತ್ತರ ಕೊಡುತ್ತದೆ ಎಂದಷ್ಟೇ ಕೇಳಿದರು. ಬಹಳ ಮಂದಿ ಅಲ್ಲಿಯೂ ಎಡವಿದರು. ಅಂದರೆ ತೊಡಕು ಬರವಣಿಗೆಗಿಂತ ಮೊದಲೇ, ಓದಿನಲ್ಲಿಯೇ ಇದೆ. ಓದಲು ಬಾರದ ಭಾಷೆಯಲ್ಲಿ ಪ್ರಬಂಧ ಬರೆಯಿರಿ ಎಂದರೆ ಏನಾದೀತು?

ಭಾಷೆ ಯಾವುದಾದರೇನು?

ಮೊದಲು ಕಲಿಸಬೇಕಾದ ಭಾಷೆ ಯಾವುದು ಎಂಬ ವಾದ ಹಳೆಯದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ಬೇಸಿಕ್ ಭಾಷೆಯನ್ನು ರೂಪಿಸಿದ್ದು, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂದು. ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪ್ಯಾಸ್ಕಲ್ ಭಾಷೆಯ ಮುಖ್ಯ ಉದ್ದೇಶಗಳಲ್ಲಿ ಪಾಠ ಹೇಳುವುದೂ ಒಂದು. ನಮ್ಮಲ್ಲಿ ಬಹುಕಾಲ ಮೊದಲ ಭಾಷೆಯಾಗಿದ್ದ ಸಿ ಹಾಗಲ್ಲ. ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ಅದನ್ನು ಕಟ್ಟಿದ್ದು ಯೂನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯಂಥ ತಂತ್ರಾಂಶಗಳನ್ನು ಬರೆಯಲು. ನುರಿತವರು ನುರಿತವರಿಗಾಗಿ ಮಾಡಿಕೊಂಡ ಸಾಧನ ಅದು. ಗಿಡೊ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಇಂದು ಅನೇಕ ಕಡೆ ಮೊದಲ ಪಾಠದ ಭಾಷೆಯಾಗಿದೆ.

ಭಾರತದಲ್ಲಿ ಈ ಕಲಿಕೆ ಆರಂಭವಾದದ್ದು ಫೋರ್ಟ್ರಾನ್‌ನಿಂದ. ಕಾನ್ಪುರದ ಐಐಟಿಗೆ ಐಬಿಎಂ 1620 ಗಣಕ ಬಂದದ್ದು 1963ರಲ್ಲಿ. ಅಲ್ಲಿ ಪ್ರೋಗ್ರಾಮಿಂಗ್ ಪಾಠಗಳನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ಅವರ ಪಠ್ಯಪುಸ್ತಕಗಳಿಂದ ಹಲವು ತಲೆಮಾರುಗಳು ಪ್ರೋಗ್ರಾಮಿಂಗ್ ಕಲಿತಿವೆ.

ಆ ಕಾಲದ ಕಲಿಕೆಯಲ್ಲಿ ಒಂದು ವಿಶೇಷವಿತ್ತು. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಗಣಕ ಕೇಂದ್ರಕ್ಕೆ ಕೊಟ್ಟು ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿದ್ದಾಗ, ಒಂದು ಅಲ್ಪವಿರಾಮ ತಪ್ಪಿದರೂ ಅರ್ಧ ದಿನ ಹಾಳು. ಹೀಗಾಗಿ ಕಾರ್ಡು ಕೊಡುವ ಮೊದಲು ಕಾಗದದ ಮೇಲೆ ಪ್ರತಿ ಸಾಲನ್ನೂ ತಾವೇ ಕಂಪ್ಯೂಟರ್ ಆಗಿ ನಡೆಸಿ ನೋಡುವುದು ಅನಿವಾರ್ಯವಾಗಿತ್ತು. ಇಂದು ಒಂದು ಗುಂಡಿ ಒತ್ತಿದರೆ ಕ್ಷಣದಲ್ಲಿ ಉತ್ತರ. ಅನುಕೂಲವೇನೋ ಸರಿ, ಆದರೆ ಕಾಗದದ ಆ ಅಭ್ಯಾಸ ಕೈಬಿಟ್ಟುಹೋಯಿತು. ಭಾಷೆ ಯಾವುದೇ ಇರಲಿ, ಮೊದಲು ಮರಳಿ ತರಬೇಕಾದದ್ದು ಈ ಅಭ್ಯಾಸವನ್ನೇ.

ಮನಸ್ಸಿನಲ್ಲೊಂದು ಯಂತ್ರ

ಸೈಕಲ್ ರಿಪೇರಿ ಮಾಡುವವನ ತಲೆಯಲ್ಲಿ ಚೈನು, ಪೆಡಲು, ಚಕ್ರಗಳ ಒಂದು ಚಿತ್ರ ಇರುತ್ತದೆ. ಪ್ರೋಗ್ರಾಂ ಬರೆಯುವವರ ತಲೆಯಲ್ಲೂ ಇಂಥ ಚಿತ್ರ ಇರಬೇಕು. ಬ್ರಿಟನ್ನಿನ ಬೆನೆಡಿಕ್ಟ್ ಡು ಬೋಲೆ 1980ರ ದಶಕದಲ್ಲಿ ಇದನ್ನು ‘ಕಲ್ಪಿತ ಯಂತ್ರ’ ಎಂಬ ಅರ್ಥದ ಹೆಸರಿನಿಂದ ಕರೆದರು. ಅದು ನಿಜವಾದ ಚಿಪ್ಪಿನ ವಿವರವಲ್ಲ. ಈ ಭಾಷೆಯ ಸಾಲುಗಳನ್ನು ಪಾಲಿಸುವ ಒಂದು ಸರಳ ಯಂತ್ರದ ಕಲ್ಪನೆ. ಅದರ ನಿಯಮಗಳು ಮೂರೇ. ಒಂದು, ಪ್ರತಿ ಚರಾಕ್ಷರವೂ ಹೆಸರು ಬರೆದ ಒಂದು ಪೆಟ್ಟಿಗೆ. ಎರಡು, ಒಂದು ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಒಂದೇ ಬೆಲೆ. ಹೊಸದು ಬಂದರೆ ಹಳೆಯದು ಅಳಿಸಿಹೋಗುತ್ತದೆ. ಮೂರು, ಯಂತ್ರ ಒಂದು ಸಲಕ್ಕೆ ಒಂದೇ ಸಾಲನ್ನು ನೋಡುತ್ತದೆ. ಮುಂದೇನು ಬರಲಿದೆ, ನಿಮ್ಮ ಮನಸ್ಸಿನಲ್ಲೇನಿದೆ ಎಂಬುದು ಅದಕ್ಕೆ ತಿಳಿಯದು.

ಮೂರನೆಯ ನಿಯಮವನ್ನು ಮರೆಯುವುದೇ ಅತಿ ದೊಡ್ಡ ತಪ್ಪು. ಒಂದು ಚರಾಕ್ಷರಕ್ಕೆ ‘ದೊಡ್ಡದು’ ಎಂದು ಹೆಸರಿಟ್ಟರೆ ಸಾಕು, ಅದರಲ್ಲಿ ದೊಡ್ಡ ಸಂಖ್ಯೆಯೇ ಬಂದು ಕೂರುತ್ತದೆ ಎಂದು ನಂಬುವ ವಿದ್ಯಾರ್ಥಿಗಳಿದ್ದಾರೆ. ಕಂಪ್ಯೂಟರಿನೊಳಗೆ ನಮ್ಮ ಇಂಗಿತ ಅರಿಯುವ ಒಂದು ಮನಸ್ಸಿದೆ ಎಂಬ ಈ ಭ್ರಮೆಯೇ ಉಳಿದ ಅನೇಕ ತಪ್ಪುಗಳ ಮೂಲ ಎಂದು ರಾಯ್ ಪೀ ಎಂಬ ಸಂಶೋಧಕರು 1986ರಲ್ಲೇ ತೋರಿಸಿದ್ದರು.

ಈಗ ಒಂದು ಚಿಕ್ಕ ಲೆಕ್ಕ. ಅ ಪೆಟ್ಟಿಗೆಯಲ್ಲಿ 7, ಬ ಪೆಟ್ಟಿಗೆಯಲ್ಲಿ 4 ಇವೆ. ಅದಲು ಬದಲು ಮಾಡಬೇಕು. ‘ಅ = ಬ’, ‘ಬ = ಅ’ ಎಂದು ಬರೆದರೆ? ಮೊದಲ ಸಾಲಿನ ನಂತರ ಅ = 4; 7 ಅಳಿಸಿಹೋಯಿತು. ಎರಡನೆಯ ಸಾಲಿನ ನಂತರ ಬ = 4. ಎರಡರಲ್ಲೂ 4! ಒಂದು ಚೊಂಬಿನಲ್ಲಿ ಹಾಲು, ಇನ್ನೊಂದರಲ್ಲಿ ಮಜ್ಜಿಗೆ ಇದ್ದಾಗ ಅದಲು ಬದಲು ಮಾಡಲು ಮೂರನೆಯ ಖಾಲಿ ಚೊಂಬು ಬೇಕು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಅಷ್ಟೇ: ‘ತಾ = ಅ’, ‘ಅ = ಬ’, ‘ಬ = ತಾ’.

ಈ ಹೋಲಿಕೆಗೂ ಒಂದು ಮಿತಿ ಇದೆ. ಅಧ್ಯಾಪಕರು ಅದನ್ನೂ ಹೇಳಿಬಿಡಬೇಕು. ಚೊಂಬಿನಿಂದ ಬಗ್ಗಿಸಿದರೆ ಚೊಂಬು ಖಾಲಿಯಾಗುತ್ತದೆ. ಪೆಟ್ಟಿಗೆಯಿಂದ ಬೆಲೆಯನ್ನು ಓದಿದರೆ ಅದು ಖಾಲಿಯಾಗುವುದಿಲ್ಲ; ಪ್ರತಿ ಮಾತ್ರ ಆಚೆ ಹೋಗುತ್ತದೆ. ಹಾಲಿಗೆ ಮಜ್ಜಿಗೆ ಸುರಿದರೆ ಎರಡೂ ಬೆರೆಯುತ್ತವೆ. ಪೆಟ್ಟಿಗೆಯಲ್ಲಿ ಹಳೆಯದು ಉಳಿಯುವುದೇ ಇಲ್ಲ.

ಮಳೆಯ ಲೆಕ್ಕ

1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಎಲಿಯಟ್ ಸೊಲೊವೇ ಮತ್ತು ಸಂಗಡಿಗರ ಅಧ್ಯಯನಗಳಿಂದ ಪ್ರಸಿದ್ಧವಾದ ಒಂದು ಸಮಸ್ಯೆ ಇದೆ. ‘ಮಳೆ ಸಮಸ್ಯೆ’ ಎಂದೇ ಅದು ಹೆಸರಾಗಿದೆ. ಅದರ ಒಂದು ರೂಪ ಹೀಗಿದೆ: ಪ್ರತಿದಿನದ ಮಳೆಯ ಅಳತೆಯನ್ನು ಒಂದೊಂದಾಗಿ ಓದುತ್ತಾ ಹೋಗಬೇಕು. 99999 ಬಂದರೆ ಪಟ್ಟಿ ಮುಗಿಯಿತು ಎಂದರ್ಥ. ಋಣ ಸಂಖ್ಯೆ ಬಂದರೆ ದಾಖಲೆಯಲ್ಲಿ ತಪ್ಪಿದೆ, ಅದನ್ನು ಬಿಡಬೇಕು. ಕೊನೆಗೆ ದಿನವೊಂದರ ಸರಾಸರಿ ಮಳೆಯನ್ನು ತಿಳಿಸಬೇಕು. ಕೇಳಲು ಸುಲಭ, ಆದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ದೊಡ್ಡ ಸಂಖ್ಯೆಯಲ್ಲಿ ಇಂಥದರಲ್ಲಿ ತಪ್ಪಿದ್ದಾರೆ.

ಹೆಜ್ಜೆಗಳನ್ನು ಕನ್ನಡದಲ್ಲೇ ಬರೆಯೋಣ.

1. ಮೊತ್ತ = 0, ದಿನ = 0 ಎಂದು ಇಡು.
2. ಒಂದು ಸಂಖ್ಯೆಯನ್ನು ಓದಿ ‘ಮಳೆ’ ಪೆಟ್ಟಿಗೆಯಲ್ಲಿಡು.
3. ಮಳೆ 99999 ಆದರೆ 6ನೆಯ ಹೆಜ್ಜೆಗೆ ಹೋಗು.
4. ಮಳೆ 0 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮೊತ್ತ = ಮೊತ್ತ + ಮಳೆ, ದಿನ = ದಿನ + 1.
5. 2ನೆಯ ಹೆಜ್ಜೆಗೆ ಮರಳು.
6. ದಿನ 0 ಆಗಿದ್ದರೆ ‘ಮಾಹಿತಿ ಇಲ್ಲ’ ಎಂದು ತಿಳಿಸು; ಇಲ್ಲವಾದರೆ ಮೊತ್ತವನ್ನು ದಿನದಿಂದ ಭಾಗಿಸಿ ಮುದ್ರಿಸು.

ಈಗ 12, 0, -3, 9, 4, 99999 ಎಂಬ ಪಟ್ಟಿಯನ್ನು ಕೊಟ್ಟು, ಕಾಗದದ ಮೇಲೆ ‘ಮಳೆ’, ‘ಮೊತ್ತ’, ‘ದಿನ’ ಎಂಬ ಮೂರು ಕಂಬ ಹಾಕಿಕೊಂಡು ನಡೆಸಿ. 12 ಬಂದಾಗ ಮೊತ್ತ 12, ದಿನ 1. 0 ಬಂದಾಗ ಮೊತ್ತ 12 ಆಗಿಯೇ ಉಳಿಯುತ್ತದೆ, ದಿನ 2. -3 ಬಂದಾಗ ಯಾವುದೂ ಬದಲಾಗದು. 9 ಬಂದಾಗ 21 ಮತ್ತು 3. 4 ಬಂದಾಗ 25 ಮತ್ತು 4. ನಂತರ ಲೂಪ್ ಮುಗಿಯುತ್ತದೆ. ಸರಾಸರಿ 6.25.

ತಪ್ಪುಗಳು ಎಲ್ಲೆಲ್ಲಿ ನುಸುಳಬಹುದು? ಮಳೆ ಬಾರದ ದಿನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸರಾಸರಿ 8.33 ಆಗುತ್ತದೆ. -3ನ್ನು ಸೇರಿಸಿಕೊಂಡರೆ 4.4. 99999ನ್ನು ಪರೀಕ್ಷಿಸುವ ಮೊದಲೇ ಕೂಡಿಸಿಬಿಟ್ಟರೆ 20004.8, ಆಗುಂಬೆಯಲ್ಲಿ ವರ್ಷವಿಡೀ ಸುರಿದರೂ ಅಷ್ಟು ಮಿಲಿಮೀಟರ್ ಮಳೆ ಬಾರದು! ಪಟ್ಟಿಯಲ್ಲಿ 99999 ಒಂದೇ ಇದ್ದು, ದಿನ 0 ಆಗಿದೆಯೇ ಎಂದು ನೋಡದಿದ್ದರೆ ಸೊನ್ನೆಯಿಂದ ಭಾಗಾಕಾರ. ಇನ್ನು ಸಿ ಭಾಷೆಯಲ್ಲಿ ಮೊತ್ತ, ದಿನ ಎರಡನ್ನೂ ಪೂರ್ಣಾಂಕಗಳೆಂದು ಘೋಷಿಸಿದ್ದರೆ 25 ಭಾಗ 4 ಎಂದರೆ 6 ಮಾತ್ರ, 0.25 ಕಣ್ಮರೆ.

ಗಮನಿಸಿ, ಇವುಗಳಲ್ಲಿ ಒಂದಕ್ಕೂ ಕಂಪೈಲರ್ ತಪ್ಪು ಸಂದೇಶ ಕೊಡುವುದಿಲ್ಲ. ಅದು ವ್ಯಾಕರಣ ನೋಡುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ. ಅರ್ಥದ ಹೊಣೆ ಬರೆದವರದು.

ಪೆಟ್ಟಿಗೆಗೊಂದು ಅಳತೆ

ನಮ್ಮ ಅನೇಕ ಪ್ರಯೋಗಾಲಯಗಳಲ್ಲಿ ವರ್ಷಾನುಗಟ್ಟಲೆ ಬಳಕೆಯಲ್ಲಿದ್ದದ್ದು ಬೋರ್ಲೆಂಡ್ ಕಂಪನಿ 1987ರಲ್ಲಿ ಹೊರತಂದ ಟರ್ಬೊ ಸಿ. ಅದರಲ್ಲಿ ಪೂರ್ಣಾಂಕದ ಸಾಮಾನ್ಯ ಪೆಟ್ಟಿಗೆ 16 ಬಿಟ್‌ಗಳದ್ದು. -32768ರಿಂದ 32767ರವರೆಗಿನ ಸಂಖ್ಯೆಗಳಷ್ಟೇ ಅದರಲ್ಲಿ ಹಿಡಿಯುತ್ತವೆ. ಕ್ರಮಗುಣಿತ ಅಥವಾ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಪ್ರೋಗ್ರಾಂ ಪಟ್ಟಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. 7ರ ಕ್ರಮಗುಣಿತ 5040; ಸರಿಯಾಗಿ ಬರುತ್ತದೆ. 8ರದ್ದು 40320, ಆದರೆ ಪರದೆಯ ಮೇಲೆ -25216 ಎಂದು ಕಾಣಿಸುತ್ತದೆ! ಸ್ಕೂಟರಿನ ಕಿಲೋಮೀಟರ್ ಗಡಿಯಾರ 99999 ದಾಟಿದರೆ ಮತ್ತೆ 00000 ಆಗುವುದಿಲ್ಲವೇ? ಇಲ್ಲಿಯೂ ಹಾಗೆಯೇ ಸಂಖ್ಯೆ 65536ರಷ್ಟು ಹಿಂದಕ್ಕೆ ಸರಿದಿದೆ. 40320ರಿಂದ 65536 ಕಳೆದು ನೋಡಿ.

ಮಳೆ ಲೆಕ್ಕವನ್ನು ಇದೇ ಪೆಟ್ಟಿಗೆಯಲ್ಲಿ ಮಾಡಿದರೆ ಇನ್ನೊಂದು ತಮಾಷೆ. 99999 ಎಂಬ ಸಂಖ್ಯೆಯೇ ಅದರಲ್ಲಿ ಹಿಡಿಯದು. ಆದ್ದರಿಂದ ‘ಮಳೆ 99999 ಆದರೆ’ ಎಂಬ ಷರತ್ತು ಎಂದೂ ನಿಜವಾಗದು. ಲೂಪ್ ನಿಲ್ಲುವುದೇ ಇಲ್ಲ.

ಈಗಿನ ಕಂಪೈಲರುಗಳಲ್ಲಿ ಪೆಟ್ಟಿಗೆ ಸಾಮಾನ್ಯವಾಗಿ 32 ಬಿಟ್‌ಗಳದ್ದು. ಅದರಲ್ಲಿ 12ರ ಕ್ರಮಗುಣಿತದವರೆಗೆ ಸರಿ. 13ರದ್ದು 6227020800 ಆಗಬೇಕು. ಬರುವುದು ಸಾಮಾನ್ಯವಾಗಿ 1932053504. ಋಣ ಚಿಹ್ನೆಯಿದ್ದರೆ ಅನುಮಾನವಾದರೂ ಬರುತ್ತಿತ್ತು. ಇದು ನೋಡಲು ಸರಿಯಾಗಿಯೇ ಇರುವುದರಿಂದ ಹೆಚ್ಚು ಅಪಾಯಕಾರಿ. 1996ರ ಜೂನ್ 4ರಂದು ಯೂರೋಪಿನ ಅರಿಯಾನ್ 5 ರಾಕೆಟ್ಟಿನ ಮೊದಲ ಉಡಾವಣೆ ವಿಫಲವಾದದ್ದು ಇಂಥದೇ ಕಾರಣಕ್ಕೆ: ದೊಡ್ಡ ಬೆಲೆಯೊಂದನ್ನು 16 ಬಿಟ್‌ನ ಪೂರ್ಣಾಂಕ ಪೆಟ್ಟಿಗೆಗೆ ಇಳಿಸಲು ಹೋಗಿ, ಹಿಡಿಯದೆ, ಮಾರ್ಗದರ್ಶನ ವ್ಯವಸ್ಥೆಯೇ ನಿಂತುಹೋಯಿತು. ಹಾರಿದ ಒಂದು ನಿಮಿಷದೊಳಗೆ ರಾಕೆಟ್ ನಾಶವಾಯಿತು.

ಕನ್ನಡದಲ್ಲಿ ಯೋಚಿಸಿದರೆ ತಪ್ಪೇ?

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಲ್ಲಿ ‘ಇಂಗ್ಲಿಷ್ ಬಾರದವರಿಗೆ ಪ್ರೋಗ್ರಾಮಿಂಗ್ ಬಾರದು’ ಎಂಬ ಅಳುಕು ಇರುತ್ತದೆ. 1989ರ ಮಾನಕದ ಪ್ರಕಾರ ಸಿ ಭಾಷೆಯಲ್ಲಿ ಮೀಸಲು ಪದಗಳು ಕೇವಲ 32. ಅವನ್ನು ಕಲಿಯಲು ವಾರವೂ ಬೇಕಿಲ್ಲ. ಕಷ್ಟವಿರುವುದು ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದರಲ್ಲಿ, ಹೆಜ್ಜೆಗಳಾಗಿ ಒಡೆಯುವುದರಲ್ಲಿ. ಆ ಕೆಲಸಕ್ಕೆ ನಮಗೆ ಚೆನ್ನಾಗಿ ಬರುವ ಭಾಷೆಯೇ ತಕ್ಕದ್ದು. ಮೇಲಿನ ಆರು ಹೆಜ್ಜೆಗಳನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬಲ್ಲವರು ಅದನ್ನು ಸಿ ಅಥವಾ ಪೈಥಾನ್‌ಗೆ ಇಳಿಸಬಲ್ಲರು. ಅಂದಹಾಗೆ, 2008ರಲ್ಲಿ ಬಂದ ಪೈಥಾನ್ 3ರಲ್ಲಿ ಚರಾಕ್ಷರಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ‘ಮೊತ್ತ = 0’ ಎಂಬುದು ಅಲ್ಲಿ ಒಪ್ಪಿತವಾದ ಸಾಲು. ಒಮ್ಮೆ ಪ್ರಯೋಗಿಸಿ ನೋಡಿ.

ತಪ್ಪು ಸಂದೇಶಗಳು ಮಾತ್ರ ಇಂಗ್ಲಿಷಿನಲ್ಲೇ ಬರುತ್ತವೆ, ಅದೂ ಒಗಟಿನಂತೆ. ಮೇಲಿಂದ ಮೇಲೆ ಬರುವ ಹತ್ತು ಸಂದೇಶಗಳನ್ನೂ ಅವುಗಳ ಕನ್ನಡ ವಿವರಣೆಯನ್ನೂ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಿದರೆ ಎಷ್ಟೋ ಜನರ ಅಳುಕು ಕಳೆಯುತ್ತದೆ. ಇದಕ್ಕೆ ಖರ್ಚು ಒಂದು ಹಾಳೆ ಕಾಗದ.

ಅಧ್ಯಾಪಕರು ಏನು ಮಾಡಬಹುದು?

ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಇರುವ ವೇಳಾಪಟ್ಟಿಯಲ್ಲೇ ಕೆಲವನ್ನು ಮಾಡಬಹುದು.

ಮೊದಲನೆಯದು, ಬರೆಯಿಸುವ ಮೊದಲು ಓದಿಸಿ. ಪ್ರತಿ ತರಗತಿಯಲ್ಲಿ ಐದಾರು ಸಾಲಿನ ಒಂದು ಪ್ರೋಗ್ರಾಮನ್ನು ಹಲಗೆಯ ಮೇಲೆ ಬರೆದು ಕಂಬಗಳ ಪಟ್ಟಿ ಮಾಡಿಸಿ. ಉತ್ತರ ಹೇಳಿದ ಮೇಲೆ ಯಂತ್ರದಲ್ಲಿ ನಡೆಸಿ ತೋರಿಸಿ. ತಾನು ಊಹಿಸಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡಾಗಲೇ ಕಲ್ಪಿತ ಯಂತ್ರ ತಿದ್ದಿಕೊಳ್ಳುವುದು.

ಎರಡನೆಯದು, ಸಾಲುಗಳನ್ನು ಚೆದುರಿಸಿ ಕೊಡಿ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಪ್ರಕಟಿಸಿದ ಉಪಾಯವಿದು. ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ, ಕಲಸಿ, ಕ್ರಮವಾಗಿ ಜೋಡಿಸಲು ಹೇಳುವುದು. ಅಲ್ಪವಿರಾಮದ ಕಾಟವಿಲ್ಲದೆ ಕ್ರಮದ ಬಗ್ಗೆಯೇ ಯೋಚಿಸಲು ಇದರಿಂದ ಸಾಧ್ಯ. ಕಂಪ್ಯೂಟರ್ ಕಡಿಮೆ ಇರುವ ಅಥವಾ ವಿದ್ಯುತ್ ಕೈಕೊಡುವ ಕಾಲೇಜುಗಳಿಗೆ ಇದು ವರದಾನ.

ಮೂರನೆಯದು, ವೈವಾದಲ್ಲಿ ಪ್ರಶ್ನೆ ಬದಲಾಯಿಸಿ. ‘ಲೂಪ್ ಎಂದರೇನು?’ ಎಂಬುದರ ಬದಲು, ‘ನಿನ್ನ ಪ್ರೋಗ್ರಾಮಿನ ಈ ಎರಡು ಸಾಲು ಹಿಂದುಮುಂದಾದರೆ ಏನಾಗುತ್ತದೆ?’ ಎಂದು ಕೇಳಿ. ಬಾಯಿಪಾಠ ಮಾಡಿದವರಿಗೆ ಅದು ಹೊಳೆಯದು. ಅರ್ಥಮಾಡಿಕೊಂಡವರಿಗೆ ಬಲು ಸುಲಭ.

ನಾಲ್ಕನೆಯದು, ಪ್ರೋಗ್ರಾಮಿನ ಜೊತೆಗೆ ಪರೀಕ್ಷಾ ಬೆಲೆಗಳನ್ನೂ ಬರೆಯಿಸಿ. ಸೊನ್ನೆ, ಋಣ ಸಂಖ್ಯೆ, ಖಾಲಿ ಪಟ್ಟಿ, ಅತಿ ದೊಡ್ಡ ಸಂಖ್ಯೆ - ಈ ನಾಲ್ಕನ್ನು ಕೊಟ್ಟು ನೋಡುವ ರೂಢಿ ಮೊದಲ ತಿಂಗಳಲ್ಲೇ ಬೆಳೆದರೆ ಮುಂದೆ ಬಹಳ ಉಪಯೋಗ.

ಉತ್ತರ ಬರೆದುಕೊಡುವ ಯಂತ್ರ

‘ಇಷ್ಟೆಲ್ಲ ಕಷ್ಟ ಏಕೆ? ಕೇಳಿದರೆ ಕಂಪ್ಯೂಟರೇ ಪ್ರೋಗ್ರಾಂ ಬರೆದುಕೊಡುತ್ತದಲ್ಲ?’ ಎಂದು ನೀವು ಕೇಳಬಹುದು. ನಿಜ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಯೋಗಾಲಯದ ಪಟ್ಟಿಯಲ್ಲಿರುವ ಯಾವುದೇ ಲೆಕ್ಕಕ್ಕೂ ಕ್ಷಣದಲ್ಲಿ ಉತ್ತರ ಸಿಗುತ್ತದೆ. ಅದೇ ವರ್ಷ ನ್ಯೂಜಿಲೆಂಡಿನ ಸಂಶೋಧಕರು ಇಂಥ ತಂತ್ರಾಂಶವೊಂದಕ್ಕೆ ಮೊದಲ ಕೋರ್ಸಿನ ಪರೀಕ್ಷೆಯ ಪ್ರಶ್ನೆಗಳನ್ನೇ ಕೊಟ್ಟಾಗ ಅದು ಬಹುಪಾಲು ವಿದ್ಯಾರ್ಥಿಗಳಿಗಿಂತ ಮುಂದಿತ್ತು.

ಇದರಿಂದ ಬೆಲೆ ಕಳೆದುಕೊಂಡದ್ದು ಯಾವುದು? ಬಾಯಿಪಾಠ ಮಾಡಿ ಬರೆಯುವ ಕೌಶಲ ಮಾತ್ರ. ಬೆಲೆ ಹೆಚ್ಚಿದ್ದು ಓದುವ ಕೌಶಲಕ್ಕೆ. ಬರೆದು ಬಂದ ಪ್ರೋಗ್ರಾಮಿನಲ್ಲಿ ಮಳೆಯಿಲ್ಲದ ದಿನ ಬಿಟ್ಟುಹೋಗಿದೆಯೇ, 13ರ ಕ್ರಮಗುಣಿತ ಸರಿ ಇದೆಯೇ ಎಂದು ನೋಡಬೇಕಾದವರು ನೀವೇ. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣವನ್ನೋ ಜಲಾಶಯದ ಒಳಹರಿವನ್ನೋ ಲೆಕ್ಕ ಹಾಕುವ ತಂತ್ರಾಂಶ ತಪ್ಪಿದರೆ ‘ಯಂತ್ರ ಬರೆದುಕೊಟ್ಟಿತು’ ಎಂದು ಕೈತೊಳೆದುಕೊಳ್ಳಲಾಗದು. ಓದಿ ತಪ್ಪು ಹಿಡಿಯಬಲ್ಲವರ ಕೈಯಲ್ಲಿ ಈ ಸಾಧನ ಒಳ್ಳೆಯ ಸಹಾಯಕ. ಓದಲಾರದವರಿಗೆ ಅದು ಕಣ್ಣಿಗೆ ಕಟ್ಟಿದ ಬಟ್ಟೆ.

ಕೊನೆಯದಾಗಿ ನಿಮಗೊಂದು ಅಭ್ಯಾಸ. ಅ = 7, ಬ = 4 ಇರುವಾಗ ಈ ಮೂರು ಸಾಲುಗಳನ್ನು ಕಾಗದದ ಮೇಲೆ ನಡೆಸಿ: ‘ಅ = ಅ + ಬ’, ‘ಬ = ಅ - ಬ’, ‘ಅ = ಅ - ಬ’. ಮೂರನೆಯ ಚೊಂಬಿಲ್ಲದೆ ಏನಾಯಿತು? ಅ ಮತ್ತು ಬ ಎರಡೂ ಒಂದೇ ಪೆಟ್ಟಿಗೆಯ ಎರಡು ಹೆಸರುಗಳಾಗಿದ್ದರೆ ಏನಾಗುತ್ತಿತ್ತು? ಕಂಪ್ಯೂಟರನ್ನು ಕೇಳಬೇಡಿ, ಮೊದಲು ನೀವೇ ಕಂಪ್ಯೂಟರ್ ಆಗಿ ನೋಡಿ.